ದೊಡ್ಡಪತ್ರೆ: ಕುಂಡದಿಂದ ತಂಬುಳಿಗೆ

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನಲ್ಲಿ ಜಾಗಕ್ಕೆ ಬರ ಇರಬಹುದು, ದೊಡ್ಡಪತ್ರೆಗೆ ಬರವಿಲ್ಲ. ಬಸವನಗುಡಿಯ ಹಳೇ ಮನೆಗಳ ಕಾಂಪೌಂಡಿನಲ್ಲೂ ಇದೆ, ಹತ್ತನೇ ಮಹಡಿಯ ಬಾಲ್ಕನಿಯ ಪೇಂಟ್ ಡಬ್ಬದಲ್ಲೂ ಇದೆ. ಇದಕ್ಕೆ ದುಡ್ಡು ಕೊಡೋದು ದಂಡ. ಪಕ್ಕದ ಮನೆಯವರ ಹತ್ತಿರ ಒಂದು ಗೇಣು ಕಡ್ಡಿ ಕೇಳಿ, ಕೆಳಗಿನ ಎಲೆ ಕಿತ್ತು ಮಣ್ಣಿಗೆ ಚುಚ್ಚಿ. ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ನೀರು ಮಾತ್ರ ಜಾಸ್ತಿ ಬೇಡ. ಎಲೆಯೇ ದಪ್ಪ, ನೀರೆಲ್ಲ ಅದರೊಳಗೇ ಇರುತ್ತದೆ. ಮಳೆಗಾಲದಲ್ಲಿ ಕುಂಡದಲ್ಲಿ ನೀರು ನಿಂತರೆ ಬುಡ ಕೊಳೆತುಹೋಗುತ್ತದೆ.

ಎಲೆ ಹಿಸುಕಿದರೆ ಓಮದ ವಾಸನೆ, ಅಲ್ವಾ? ಆದರೆ ಡಬ್ಬಿಯಲ್ಲಿರುವ ಓಮಕಾಳು ಈ ಗಿಡದ್ದಲ್ಲ. ಓಮ ಕೊತ್ತಂಬರಿ, ಜೀರಿಗೆಯ ಕುಟುಂಬದ್ದು. ದೊಡ್ಡಪತ್ರೆ ತುಳಸಿ, ಪುದೀನದ ಕಡೆಯದು. ಥೈಮಾಲ್, ಕಾರ್ವಕ್ರಾಲ್ ಎಂಬ ಅಂಶಗಳು ಎರಡರ ಎಣ್ಣೆಯಲ್ಲೂ ಇರುವುದರಿಂದ ಮೂಗಿಗೆ ಮೋಸ.

ನನ್ನ ಕೇಳಿದರೆ ಇದು ಮೊದಲು ಅಡುಗೆಯದು, ಆಮೇಲೆ ಔಷಧಿ. ತಂಬುಳಿಗೆ ಹತ್ತು ಹನ್ನೆರಡು ಎಲೆ ಸಾಕು. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹುರಿದು ಎಲೆ ಹಾಕಿ. ಮೊದಲು ನೀರು ಬಿಡುತ್ತದೆ. ಆಮೇಲೆ ಮುದುಡಿ ಬಣ್ಣ ತಿರುಗುತ್ತದೆ, ಹಸಿ ಘಾಟು ಹೋಗುತ್ತದೆ. ಅಲ್ಲೀತನಕ ಬಾಡಿಸಿ. ಆರಿದ ಮೇಲೆ ಒಂದು ಹಿಡಿ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಮಜ್ಜಿಗೆ, ಉಪ್ಪು ಬೆರೆಸಿ, ಸಾಸಿವೆ ಒಗ್ಗರಣೆ ಕೊಡಿ. ಮತ್ತೆ ಕುದಿಸಬೇಡಿ, ಮಜ್ಜಿಗೆ ಒಡೆಯುತ್ತದೆ. ಇಡೀ ಎಲೆಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೆ ಸೊಪ್ಪು ಮುಟ್ಟದ ಮಕ್ಕಳೂ ತಟ್ಟೆ ಖಾಲಿ ಮಾಡುತ್ತಾರೆ. ಔಷಧಿ ಅಂತ ಮಾತ್ರ ಬಾಯಿ ಬಿಡಬೇಡಿ.

ನೆಗಡಿ, ಕೆಮ್ಮಿಗೆ ಎಲೆಯನ್ನು ಕಾವಲಿ ಮೇಲೆ ಬಾಡಿಸಿ, ರಸ ಹಿಂಡಿ, ಜೇನು ಸೇರಿಸಿ ಕೊಡುವುದು ನಮ್ಮ ಮನೆಗಳ ರೂಢಿ. ಗಂಟಲಿಗೆ ಹಿತ. ಆದರೆ ವರ್ಷ ತುಂಬದ ಮಗುವಿಗೆ ಜೇನು ಬೇಡವೇ ಬೇಡ. ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾ ಎಳೆ ಕರುಳಿನಲ್ಲಿ ಬೆಳೆದು ವಿಷವಾಗಬಹುದು. ಪಿತ್ತದ ಗಂಧೆ ಎದ್ದಾಗಲೂ ಎಲೆ ಉಜ್ಜುತ್ತಾರೆ. ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ಮೊದಲು ಸ್ವಲ್ಪ ಜಾಗಕ್ಕೆ ಹಚ್ಚಿ ನೋಡಿ. ತುಟಿ, ಮುಖ ಊದಿಕೊಂಡು ಉಸಿರು ಕಟ್ಟುತ್ತಿದ್ದರೆ ಎಲೆ ಹುಡುಕುತ್ತಾ ಕೂರಬೇಡಿ. ನೇರವಾಗಿ ಆಸ್ಪತ್ರೆಗೆ ಹೊರಡಿ.

ಇನ್ನೊಂದು ಮಾತು. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಕುಂಡ ಎತ್ತರದಲ್ಲಿರಲಿ. ಈ ಎಲೆ ಅಗಿದರೆ ಅವಕ್ಕೆ ವಾಂತಿ, ಭೇದಿ ಆಗಬಹುದು. ನಮಸ್ಕಾರ.