ಕಮಾನಿನ ಹೊಟ್ಟೆಯ ಬೆಳಕು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಯೂಟಾ ರಾಜ್ಯದಲ್ಲಿ, ಮೋಆಬ್ ಪಟ್ಟಣದಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯ ದೂರದಲ್ಲಿ, 1964ರಲ್ಲಿ ಸ್ಥಾಪನೆಯಾದ ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಒಳಗೆ ಮೇಸಾ ಆರ್ಚ್ ಎಂಬ ಕಲ್ಲಿನ ಕಮಾನಿದೆ. ಸಮುದ್ರಮಟ್ಟದಿಂದ ಸುಮಾರು 6,000 ಅಡಿ ಎತ್ತರದ ಪ್ರಸ್ಥಭೂಮಿ ಮುಗಿದು ಪ್ರಪಾತ ಶುರುವಾಗುವ ಅಂಚಿನಲ್ಲಿಯೇ ಅದು ಬಾಗಿ ನಿಂತಿದೆ. ಜುರಾಸಿಕ್ ಕಾಲದಲ್ಲಿ ಗಾಳಿ ತಂದು ಪೇರಿಸಿದ ಮರಳದಿಬ್ಬಗಳೇ ಗಟ್ಟಿಯಾಗಿ ಈ ನವಾಹೋ ಮರಳುಗಲ್ಲು ಆಗಿದೆ. ಕಮಾನು ಹೆಚ್ಚು ಎತ್ತರವಿಲ್ಲ, ಆದರೆ ಅಗಲವಾಗಿ ಹರಡಿಕೊಂಡಿದೆ. ಮಾಮೂಲಿ ಕ್ಯಾಮೆರಾದ ಚೌಕಟ್ಟಿನಲ್ಲಿ ಮೇಲೆ ಕೆಳಗೆ ಖಾಲಿ ಜಾಗ ಉಳಿಸುವ ಈ ಆಕಾರ, ಉದ್ದನೆಯ ಪನೋರಮಾ ಚೌಕಟ್ಟಿನಲ್ಲಿ ತನ್ನ ಅಳತೆಗೇ ಹೊಲಿಸಿದ ಅಂಗಿಯಂತೆ ಕೂರುತ್ತದೆ.

ಅಲ್ಲಿಗೆ ಬರುವ ಬಹಳ ಮಂದಿ ಉದಯಿಸುವ ಸೂರ್ಯನ ಚಿತ್ರಕ್ಕಾಗಿ ಕಾಯುತ್ತಾರೆ. ನಾನು ಕಾಯುವುದು ಕಮಾನಿನ ಹೊಟ್ಟೆಯ ಬೆಳಕಿಗಾಗಿ. ಸೂರ್ಯ ಪೂರ್ವದ ಲಾ ಸಾಲ್ ಪರ್ವತಗಳ ಕಡೆಯಿಂದ ಮೇಲೆ ಬಂದಾಗ ಮೊದಲ ಕಿರಣಗಳು ಕಮಾನಿನ ಕೆಳಗಿರುವ ಕಡಿದಾದ ಬಂಡೆಗೋಡೆಗೆ ನೇರವಾಗಿ ಬೀಳುತ್ತವೆ; ಕಬ್ಬಿಣದ ಆಕ್ಸೈಡಿನಿಂದ ಕೆಂಪಾದ ಆ ಗೋಡೆ ತನ್ನ ಬಣ್ಣವನ್ನು ಬೆರೆಸಿ ಬೆಳಕನ್ನು ಮೇಲಕ್ಕೆ ಮರಳಿಸುತ್ತದೆ; ನಮಗೆ ಎದುರಾದ ಮುಖ ಇನ್ನೂ ನೆರಳಿನಲ್ಲಿರುವಾಗಲೇ ಕಮಾನಿನ ಒಳಮೈ ಊದಿದ ಕೆಂಡದಂತೆ ಹೊಳೆಯುತ್ತದೆ. ಸೂರ್ಯ ಕಂಡ ಕ್ಷಣದಲ್ಲಿ ಈ ಹೊಳಪು ಇನ್ನೂ ಮಂಕಾಗಿರುತ್ತದೆ. ಆನಂತರದ ನಿಮಿಷಗಳಲ್ಲಿ ಅದು ಬಲಗೊಳ್ಳುತ್ತದೆ, ಆದ್ದರಿಂದ ಸೂರ್ಯ ಬಂದನೆಂದು ಫಿಲ್ಮನ್ನೆಲ್ಲ ಖರ್ಚು ಮಾಡಿದವರು ಆ ಬೆಳಕನ್ನು ಕಳೆದುಕೊಳ್ಳುತ್ತಾರೆ.

ಖರ್ಚಿನ ಮಾತು ಸುಮ್ಮನೆ ಆಡಿದ್ದಲ್ಲ. ನಾನು ಬಳಸುವುದು ಫ್ಯೂಜಿ ಸಂಸ್ಥೆ 1983ರಲ್ಲಿ ಹೊರತಂದ ಜಿ617 ಎಂಬ ಕ್ಯಾಮೆರಾ. 120 ಎಂಬ ಅಳತೆಯ ಒಂದು ಫಿಲ್ಮ್ ರೋಲಿನಲ್ಲಿ ಅದು ಕೊಡುವುದು ನಾಲ್ಕೇ ಚಿತ್ರ. ಒಂದೊಂದೂ ಸುಮಾರು 17 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲ. ಲೆನ್ಸನ್ನು ತಿರುಗಿಸುತ್ತಾ ಬಾಗಿದ ಫಿಲ್ಮಿನ ಮೇಲೆ ಚಿತ್ರ ತೆಗೆಯುವ ಪನೋರಮಾ ಕ್ಯಾಮೆರಾಗಳೂ ಇವೆ, ಆದರೆ ಅವು ನೇರ ಗೆರೆಗಳನ್ನು ಬಗ್ಗಿಸುತ್ತವೆ. ನನ್ನದರಲ್ಲಿ ಫಿಲ್ಮು ಚಪ್ಪಟೆಯಾಗಿ ಕೂರುವುದರಿಂದ ಕಣಿವೆಯ ಆಚೆಯ ಮಟ್ಟಸವಾದ ಬಂಡೆತಲೆಗಳು ಮಟ್ಟಸವಾಗಿಯೇ ಉಳಿಯುತ್ತವೆ. ಶಟರ್ ಪೂರ್ತಿ ಯಾಂತ್ರಿಕ, ಬ್ಯಾಟರಿ ಬೇಡ. ಚಳಿಗಾಲದ ಆ ಬೆಳಗಿನಲ್ಲಿ ಇದು ದೊಡ್ಡ ನೆಮ್ಮದಿ.

ಕಷ್ಟವಿರುವುದು ಬೆಳಕಿನ ಲೆಕ್ಕದಲ್ಲಿ. ವೆಲ್ವಿಯಾ 50 ಎಂಬ ಸ್ಲೈಡ್ ಫಿಲ್ಮು ಕೆಂಪು ಕಲ್ಲಿಗೆ ಕೊಡುವ ಗಾಢತೆಯನ್ನು ಬೇರೆ ಯಾವ ಫಿಲ್ಮಿನಲ್ಲೂ ನಾನು ಕಂಡಿಲ್ಲ, ಆದರೆ ಅದು ತಡೆದುಕೊಳ್ಳುವ ಬೆಳಕಿನ ಅಂತರ ಹೆಚ್ಚೂಕಡಿಮೆ ಐದು ಸ್ಟಾಪ್, ಅಂದರೆ ಬೆಳಕು ಐದು ಸಲ ಇಮ್ಮಡಿಯಾಗುವಷ್ಟು ಮಾತ್ರ. ಉರಿಯುವ ಆಕಾಶ ಮತ್ತು ಕಪ್ಪು ನೆರಳು ಎರಡೂ ಅದರೊಳಗೆ ಹಿಡಿಸುವುದಿಲ್ಲ. ನಾನು ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರನ್ನು ಕಮಾನಿನ ಹೊಳೆಯುವ ಒಳಮೈಗೆ ಹಿಡಿದು ಅಳೆದು, ನೆರಳನ್ನು ಕಪ್ಪಾಗಲು ಬಿಟ್ಟುಬಿಡುತ್ತೇನೆ. ಹತ್ತಿರದ ಕಲ್ಲೂ ದೂರದ ಪರ್ವತವೂ ಒಟ್ಟಿಗೆ ಸ್ಪಷ್ಟವಾಗಿರಬೇಕಾದರೆ ಲೆನ್ಸಿನ ಕಿಂಡಿಯಾದ ಅಪರ್ಚರನ್ನು ಎಫ್32 ಎಂಬ ಬಹಳ ಸಣ್ಣ ಅಳತೆಗೆ ಇಳಿಸಬೇಕು. ಚಿತ್ರದ ಎರಡು ತುದಿಗಳು ಮಬ್ಬಾಗದಂತೆ, ನಡುವೆ ಮಾತ್ರ ಗಾಢವಾಗಿರುವ ಸೆಂಟರ್ ಫಿಲ್ಟರನ್ನು ಲೆನ್ಸಿಗೆ ಹಾಕಬೇಕು. ಅದು ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ಬೆಳಕನ್ನು ನುಂಗುತ್ತದೆ. ಸೂರ್ಯೋದಯಕ್ಕೆ ಮುಂಚೆ ಶಟರ್ 4 ಸೆಕೆಂಡು ತೆರೆದಿರಬೇಕೆಂದು ಮೀಟರು ತೋರಿಸಿದರೆ ಫಿಲ್ಟರಿನ ಲೆಕ್ಕ ಸೇರಿ 8 ಆಗುತ್ತದೆ. ಸಮಯ ಉದ್ದವಾದಷ್ಟೂ ಫಿಲ್ಮಿನ ಗ್ರಹಣಶಕ್ತಿ ಕುಂದುವುದರಿಂದ ಆ 8 ಸೆಕೆಂಡಿಗೆ ವೆಲ್ವಿಯಾ ಇನ್ನೂ ಅರ್ಧ ಸ್ಟಾಪ್ ಬೇಡುತ್ತದೆ. ಕೊನೆಗೆ, ಕ್ಯಾಮೆರಾ ಅಲುಗದಂತೆ ಶಟರ್ ತೆರೆಯುವ ತಂತಿಯಾದ ಕೇಬಲ್ ರಿಲೀಸನ್ನು ಒತ್ತಿ ಹಿಡಿಯುವುದು ಸುಮಾರು 11 ಸೆಕೆಂಡು. ಈ ಲೆಕ್ಕವನ್ನು ಕತ್ತಲಲ್ಲಿ, ಮರಗಟ್ಟಿದ ಬೆರಳುಗಳಲ್ಲಿ ಮಾಡಬೇಕಾಗುವುದರಿಂದ ನಾನು ಅದನ್ನು ಹಿಂದಿನ ರಾತ್ರಿಯೇ ರಟ್ಟಿನ ಚೀಟಿಯೊಂದರ ಮೇಲೆ ಬರೆದಿಟ್ಟುಕೊಳ್ಳುತ್ತೇನೆ.

ಮೊದಲ ಸಲ ಹೋದಾಗ ನಾನು ಸೋತದ್ದು ಬೇರೆಡೆ. ಈ ಕ್ಯಾಮೆರಾದ ವ್ಯೂಫೈಂಡರು ಲೆನ್ಸಿನ ಮೂಲಕ ನೋಡುವುದಿಲ್ಲ. ಅದು ಕ್ಯಾಮೆರಾದ ನೆತ್ತಿಯ ಮೇಲೆ ಪ್ರತ್ಯೇಕವಾಗಿ ಕೂತಿದೆ. ದೂರದ ಬೆಟ್ಟಕ್ಕೆ ಇದರಿಂದ ವ್ಯತ್ಯಾಸವಿಲ್ಲ. ಕೆಲವೇ ಅಡಿ ಮುಂದಿರುವ ಕಮಾನಿಗೆ ವ್ಯತ್ಯಾಸವಿದೆ, ಮತ್ತು ನನ್ನ ನಾಲ್ಕೂ ಚಿತ್ರಗಳಲ್ಲಿ ಕಮಾನಿನ ನೆತ್ತಿ ಕತ್ತರಿಸಿಹೋಗಿತ್ತು. ಈಗ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತೇನೆ.

ಹಿಂದೆ ಸರಿಯುವಾಗಲೂ ನೆಲ ನೋಡಿಕೊಂಡೇ ಸರಿಯಬೇಕು. ಅಲ್ಲಿನ ಮರಳಿನ ಮೇಲೆ ಕಪ್ಪಗೆ, ಉಬ್ಬುತಗ್ಗಾಗಿ ಕಾಣುವ ಹೊರಪದರ ಜೀವಂತವಾದದ್ದು. ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಹಾವಸೆಗಳು ಸೇರಿ ಹೆಣೆದಿರುವ ಅದು ಮಣ್ಣು ಗಾಳಿಗೆ ಹಾರದಂತೆ ಹಿಡಿದಿಡುತ್ತದೆ. ಒಂದು ಹೆಜ್ಜೆಗೆ ಪುಡಿಯಾಗುವ ಆ ಪದರ ಮತ್ತೆ ಬೆಳೆಯಲು ಹತ್ತಾರು ವರ್ಷ ಬೇಕು. ಟ್ರೈಪಾಡಿನ ಕಾಲುಗಳನ್ನು ನಾನು ಬರಿಯ ಬಂಡೆಯ ಮೇಲಲ್ಲದೆ ಬೇರೆಲ್ಲೂ ಊರುವುದಿಲ್ಲ. ಅಂಥ ಬಂಡೆ ಸಿಗದಿದ್ದರೆ ಆ ಕೋನವನ್ನೇ ಬಿಡುತ್ತೇನೆ.

ಕಳೆದ ಸಲ ತೆಗೆದ ರೋಲು ಸಂಸ್ಕರಣೆಯಾಗಿ ಬಂದಾಗ ಅದನ್ನು ಒಳಗಿನಿಂದ ಬೆಳಗುವ ಲೈಟ್ ಬಾಕ್ಸಿನ ಮೇಲೆ ಹಾಸಿದೆ. 17 ಸೆಂಟಿಮೀಟರಿನ ಸ್ಲೈಡನ್ನು ಬರಿಗಣ್ಣಿನಲ್ಲೇ ಓದಬಹುದು. ಮೊದಲ ಎರಡರಲ್ಲಿ ಕಮಾನು ಕಂದು, ಮೂರನೆಯದರಲ್ಲಿ ಕೆಂಡ. ಅದರ ಕೆಳಗಿನ ತೆರವಿನಲ್ಲಿ, ಮಂಜಿನ ನೀಲಿಯ ನಡುವೆ, ವಾಷರ್ ವುಮನ್ ಎಂದು ಅಲ್ಲಿಯವರು ಕರೆಯುವ ಕಲ್ಲಿನ ಶಿಖರ ಅಕ್ಕಿಕಾಳಿನಷ್ಟು ಗಾತ್ರದಲ್ಲಿ ನಿಂತಿತ್ತು. ಭೂತಗನ್ನಡಿ ಇಟ್ಟು ನೋಡಿದರೆ, ಬಾಗಿ ಬಟ್ಟೆ ಒಗೆಯುತ್ತಿರುವ ಹೆಂಗಸಿನ ಬೆನ್ನು, ಅವಳ ಚಾಚಿದ ಕೈ, ಎರಡರ ನಡುವಿನ ಕಿಂಡಿಯಿಂದ ತೂರಿಬಂದ ಬೆಳಕು.