ಪತ್ತೇದಾರ ತಪ್ಪು ಮಾಡಿದರೇನೇ ಕಥೆ ಚೆನ್ನ

ನಮಸ್ಕಾರ. ಹಳೇ ಬ್ರಿಟಿಷ್ ಪತ್ತೇದಾರಿ ಧಾರಾವಾಹಿಗಳನ್ನು ಯಾಕೆ ನೋಡಬೇಕು ಅಂತ ಕೇಳಿದರೆ ಜಾಸ್ತಿ ಜನ ಪತ್ತೇದಾರನ ಬುದ್ಧಿವಂತಿಕೆಯನ್ನೇ ಹೊಗಳುತ್ತಾರೆ. ಬೂಟಿಗೆ ಮೆತ್ತಿದ ಮಣ್ಣು ನೋಡಿ ಊರು ಹೇಳಿಬಿಡುತ್ತಾನೆ, ಅಂಥದ್ದು. ನನ್ನ ಅಭಿಪ್ರಾಯ ಬೇರೆ. ಇವುಗಳಲ್ಲಿ ನಿಜಕ್ಕೂ ಗಟ್ಟಿಯಾದವು ಪತ್ತೇದಾರನನ್ನು ಎಡವಲು ಬಿಡುತ್ತವೆ. ಅವನು ತಪ್ಪು ದಾರಿ ಹಿಡಿದು ಅರ್ಧ ಕಥೆ ನಡೆಯುತ್ತಾನೆ, ನಾವೂ ಅವನನ್ನು ನಂಬಿಕೊಂಡು ಹಿಂದೆ ಹೋಗುತ್ತೇವೆ, ಆಮೇಲೆ ಗೊತ್ತಾಗುತ್ತದೆ, ಇದು ಅಲ್ಲವೇ ಅಲ್ಲ ಅಂತ.

ಇನ್ಸ್‌ಪೆಕ್ಟರ್ ಮೋರ್ಸ್ ತೆಗೆದುಕೊಳ್ಳಿ, ಆಕ್ಸ್‌ಫರ್ಡಿನ ಪೊಲೀಸ್ ಪತ್ತೇದಾರನೊಬ್ಬನ ಧಾರಾವಾಹಿ. 1987ರ ಜನವರಿಯಲ್ಲಿ ಬ್ರಿಟನ್ನಿನ ಐಟಿವಿ ಚಾನೆಲ್‌ನಲ್ಲಿ ಶುರುವಾಯಿತು, 2000ದ ನವೆಂಬರ್‌ನಲ್ಲಿ ಮುಗಿಯಿತು. ಇಷ್ಟು ವರ್ಷದಲ್ಲಿ ಬಂದದ್ದು ಬರೀ 33 ಕಂತು. ಆದರೆ ಒಂದೊಂದು ಕಂತೂ ಜಾಹೀರಾತು ಸೇರಿ ಎರಡು ಗಂಟೆ. ಒಂದು ಕೊಲೆಗೆ ಇಷ್ಟು ಹೊತ್ತು ಯಾಕಪ್ಪಾ ಅಂತ ಕೇಳುವವರಿದ್ದಾರೆ. ಯಾಕೆ ಅಂದರೆ, ಮೋರ್ಸ್‌ಗೆ ತಪ್ಪು ಮಾಡೋಕೆ ಟೈಮ್ ಬೇಕು! ಅವಸರದ ಕಥೆಯಲ್ಲಿ ಪತ್ತೇದಾರನ ತಪ್ಪು ಒಂದು ಸಣ್ಣ ತಿರುವು ಅಷ್ಟೇ, ಐದು ನಿಮಿಷದಲ್ಲಿ ಸರಿಹೋಗುತ್ತದೆ. ಇಲ್ಲಿ ಹಾಗಿಲ್ಲ. ಅವನು ಒಂದು ಊಹೆ ಕಟ್ಟುತ್ತಾನೆ, ಅದನ್ನು ಪ್ರೀತಿಸುತ್ತಾನೆ, ಅದಕ್ಕಾಗಿ ಮೇಲಧಿಕಾರಿಯ ಜೊತೆ ಜಗಳ ಆಡುತ್ತಾನೆ, ಯಾರನ್ನೋ ಹಿಡಿದು ತಂದು ಕೂರಿಸುತ್ತಾನೆ. ಆಮೇಲೆ ಅವನ ಸಾರ್ಜೆಂಟ್ ಲೂಯಿಸ್ ಸುಮ್ನೆ ಒಂದು ಮಾತು ಹೇಳುತ್ತಾನೆ, ಊಹೆ ಪೂರ್ತಿ ಕುಸಿಯುತ್ತದೆ.

ಮೊದಲ ಕಂತಿನಲ್ಲೇ ಇದು ನಡೆಯುತ್ತದೆ. ಆಕ್ಸ್‌ಫರ್ಡಿನ ಜೆರಿಕೊ ಅನ್ನುವ ಬಡಾವಣೆ. ಮೋರ್ಸ್ ಹಾಡುವ ವೃಂದದಲ್ಲೇ ಇದ್ದ ಹೆಂಗಸು, ಅವನಿಗೆ ಮನಸ್ಸಿಗೆ ಹಿಡಿಸಿದ ಹೆಂಗಸು, ತನ್ನ ಮನೆಯಲ್ಲಿ ಸತ್ತು ಬಿದ್ದಿರುತ್ತಾಳೆ. ಅವನು, ತಿಳಿಯದೆ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದ ಈಡಿಪಸ್‌ನ ಗ್ರೀಕ್ ದುರಂತವನ್ನೇ ಈ ಸಾವಿಗೆ ಹೊಂದಿಸಿ ಭಾರೀ ವಿವರಣೆ ಕೊಡುತ್ತಾನೆ. ಕೇಳೋಕೆ ಅದ್ಭುತವಾಗಿದೆ, ಒಂದೇ ತೊಂದರೆ, ಅದು ನಿಜವಲ್ಲ. ಇಷ್ಟು ಓದಿಕೊಂಡ ಮನುಷ್ಯ, ಓದೇ ಅವನ ಕಣ್ಣು ಕಟ್ಟಿತು ನೋಡಿ. ಹೆಚ್ಚು ಓದದ ಲೂಯಿಸ್‌ಗೆ ಆ ಕಟ್ಟು ಇಲ್ಲ. ಈ ಕಂತಿನ ಚಿತ್ರಕಥೆ ಬರೆದದ್ದು ಆಂಥನಿ ಮಿಂಗೆಲಾ, ಮುಂದೆ ನಿರ್ದೇಶನಕ್ಕೆ ಆಸ್ಕರ್ ತಗೊಂಡವರು.

ಇದು ಎಲ್ಲಿಂದ ಬಂತು ಅಂತ ಯೋಚಿಸಿದರೆ, ಕಾದಂಬರಿಗಳಲ್ಲಿ ಮೋರ್ಸ್‌ನನ್ನು ಸೃಷ್ಟಿಸಿದ ಕಾಲಿನ್ ಡೆಕ್ಸ್ಟರ್‌ಗೆ ಪದಬಂಧದ ಹುಚ್ಚು. ಮೋರ್ಸ್, ಲೂಯಿಸ್ ಅನ್ನುವ ಹೆಸರುಗಳೂ ಪದಬಂಧ ಸ್ಪರ್ಧೆಗಳಲ್ಲಿ ಅವರ ಜೊತೆ ಪೈಪೋಟಿಗಿದ್ದವರ ಹೆಸರುಗಳೇ. ಪದಬಂಧ ಬಿಡಿಸುವವರಿಗೆ ಗೊತ್ತು, ಅಕ್ಷರಗಳೆಲ್ಲ ಮನೆಗಳಲ್ಲಿ ಸರಿಯಾಗಿ ಕೂತರೂ ಉತ್ತರ ತಪ್ಪಾಗಿರಬಹುದು, ಮೇಲಿನಿಂದ ಕೆಳಗಿನ ಪದ ಬರೆಯಲು ಹೋದಾಗಲೇ ಅದು ಹೊರಬೀಳುವುದು. ಮೋರ್ಸ್‌ನ ತನಿಖೆಯೂ ಹಾಗೆಯೇ ನಡೆಯುತ್ತದೆ. ಸಂಗೀತ ಮಾಡಿದ ಬ್ಯಾರಿಂಗ್ಟನ್ ಫಿಲಾಂಗ್ ಕೂಡ ಈ ಆಟಕ್ಕೆ ಸೇರಿಕೊಂಡರು. ಶೀರ್ಷಿಕೆ ಸಂಗೀತದಲ್ಲಿ ಮೋರ್ಸ್ ಅನ್ನುವ ಹೆಸರು ಮೋರ್ಸ್ ಕೋಡ್‌ನಲ್ಲೇ, ಅಂದರೆ ಟೆಲಿಗ್ರಾಫಿನ ಚುಕ್ಕಿ-ಗೆರೆ ಸಂಕೇತದಲ್ಲೇ, ಬಡಿಯುತ್ತಿರುತ್ತದೆ. ಕೆಲವು ಕಂತುಗಳಲ್ಲಿ ಕೊಲೆಗಾರನ ಹೆಸರನ್ನೇ ಸಂಗೀತದೊಳಗೆ ಅಡಗಿಸಿದರು, ಇನ್ನು ಕೆಲವು ಸಲ ನಮ್ಮನ್ನು ದಾರಿ ತಪ್ಪಿಸಲು ಬೇರೆಯವರ ಹೆಸರು.

ಮೋರ್ಸ್ ಆಗಿರುವುದು ಜಾನ್ ಥಾ. ಅದಕ್ಕೂ ಮುಂಚೆ, 1975ರಿಂದ 1978ರವರೆಗೆ, ದ ಸ್ವೀನಿ ಅನ್ನುವ ಧಾರಾವಾಹಿಯಲ್ಲಿ ಇದೇ ಥಾ ಲಂಡನ್ನಿನ ಒರಟು ಪೊಲೀಸ್. ಬಾಗಿಲು ಒದ್ದು ನುಗ್ಗುವುದು, ಕಾಲರ್ ಹಿಡಿಯುವುದು, ಹೊಡೆದಾಟ. ಅಂಥವರು ಇಲ್ಲಿ ಹೆಣ ಕಂಡರೆ ಮುಖ ತಿರುಗಿಸುವ, ರಕ್ತ ನೋಡಲಾರದ, ರಾತ್ರಿ ಒಬ್ಬನೇ ಕೂತು ವ್ಯಾಗ್ನರ್‌ನ ಒಪೆರಾ ಸಂಗೀತ ಕೇಳುವ ಮನುಷ್ಯ ಆಗಿದ್ದಾರೆ. ತನ್ನ ಊಹೆ ಸುಳ್ಳು ಅಂತ ಗೊತ್ತಾದ ಕ್ಷಣದಲ್ಲಿ ಥಾ ಅವರ ಮುಖ ಗಮನಿಸಿ. ಅಲ್ಲಿ ಡೈಲಾಗ್ ಇರುವುದಿಲ್ಲ. ಮೊದಲು ಸಿಟ್ಟು, ಆಮೇಲೆ ನಾಚಿಕೆ, ಆಮೇಲೆ ಲೂಯಿಸ್ ಮೇಲೆ ಒಂದು ಸುಮ್ಸುಮ್ನೆ ಗದರಿಕೆ. ಕೆವಿನ್ ವೇಟ್ಲಿಯ ಲೂಯಿಸ್ ಅದನ್ನು "ಸರ್" ಅಂತ ನುಂಗಿಕೊಳ್ಳುತ್ತಾನೆ, ಆಮೇಲೆ ಪಬ್ಬಿನಲ್ಲಿ ಬಿಯರ್ ದುಡ್ಡೂ ಅವನೇ ಕೊಡಬೇಕು. ಪುಸ್ತಕದಲ್ಲಿ ಲೂಯಿಸ್ ವಯಸ್ಸಾದವನು. ಟಿವಿಗೆ ಅವನನ್ನು ಹುಡುಗನನ್ನಾಗಿ ಮಾಡಿದ್ದು ಒಳ್ಳೇದಾಯಿತು. ಕಿರಿಯನೊಬ್ಬ ಹಿರಿಯನ ತಪ್ಪನ್ನು ಹೇಳಬೇಕೋ ಬೇಡವೋ ಅಂತ ತಡವರಿಸುವುದರಲ್ಲಿ ಎಷ್ಟು ನಾಟಕ ಇದೆ, ಅಲ್ವಾ?

1990ರ ಒಂದು ಕಂತಿನಲ್ಲಿ ಕೊಲೆಯ ಆರೋಪ ಮೋರ್ಸ್ ಮೇಲೆಯೇ ಬರುತ್ತದೆ. ಮ್ಯಾಸಾನಿಕ್ ಮಿಸ್ಟರೀಸ್ ಅಂತ, ನಿರ್ದೇಶಕರು ಡ್ಯಾನಿ ಬಾಯ್ಲ್, ನಮಗೆಲ್ಲ ಸ್ಲಮ್‌ಡಾಗ್ ಮಿಲಿಯನೇರ್‌ನಿಂದ ಗೊತ್ತಿರುವವರು. ಇಷ್ಟು ದಿನ ಅಮಾಯಕರ ಮೇಲೆ ಅನುಮಾನ ಪಟ್ಟವನು ಈಗ ಆ ಕುರ್ಚಿಯಲ್ಲಿ ತಾನೇ ಕೂರುತ್ತಾನೆ. ನನಗೆ ಬಹಳ ಇಷ್ಟವಾದ ಕಂತು.

ಇದು ಮೋರ್ಸ್ ಒಬ್ಬನದೇ ಕಥೆ ಅಂದುಕೊಳ್ಳಬೇಡಿ. ನಟ ಜೆರೆಮಿ ಬ್ರೆಟ್ ಶೆರ್ಲಾಕ್ ಹೋಮ್ಸ್ ಆದ, ಗ್ರನಾಡಾ ಕಂಪನಿಯ ಸರಣಿ 1984ರ ಏಪ್ರಿಲ್‌ನಲ್ಲಿ ಶುರುವಾಯಿತು. ಸರಣಿ ಮಾಡಿದವರ ಮುಂದೆ ಹೋಮ್ಸ್ ಗೆದ್ದ ಕಥೆಗಳು ಎಷ್ಟೋ ಇದ್ದವು. ಮೊದಲ ಕಂತಿಗೆ ಆರಿಸಿದ್ದು ಯಾವುದು ಗೊತ್ತಾ? ಐರೀನ್ ಆಡ್ಲರ್ ಅನ್ನುವ ಹೆಂಗಸಿನ ಕೈಲಿ ಅವನು ಸೋಲುವ ಕಥೆ. ಆಕೆ ಅವನ ವೇಷ ಕಂಡುಹಿಡಿದು, ಅವನು ಬರುವ ಮೊದಲೇ ಊರು ಬಿಟ್ಟಿರುತ್ತಾಳೆ. ಹೀಗೆ ಸೋಲಿನಿಂದ ಪರಿಚಯ ಮಾಡಿಕೊಟ್ಟಿದ್ದಕ್ಕೇ ಬ್ರೆಟ್‌ನ ಹೋಮ್ಸ್ ನಮಗೆ ಮನುಷ್ಯನಾಗಿ ಕಾಣುತ್ತಾನೆ. ಅಗಾಥಾ ಕ್ರಿಸ್ಟಿಯ ಮುದುಕಿ ಪತ್ತೇದಾರಿಣಿ ಮಿಸ್ ಮಾರ್ಪಲ್ ಆಗಿ ಜೋನ್ ಹಿಕ್ಸನ್ ಕೂಡ ಸೊಗಸು, ಶುರು ಮಾಡಿದಾಗ ಅವರಿಗೆ 78 ವರ್ಷ! ಆದರೆ ಮಾರ್ಪಲ್ ಎಡವುವುದು ತೀರಾ ಅಪರೂಪ, ಹಾಗಾಗಿ ನನಗೆ ಅವರ ಮೇಲೆ ಗೌರವ ಇದೆ, ಆತಂಕ ಇಲ್ಲ.

ಮೋರ್ಸ್‌ನಲ್ಲಿ ನನಗೆ ಒಪ್ಪದ ಸಂಗತಿಯೂ ಇದೆ. ಅವನು ಮನಸ್ಸು ಕೊಟ್ಟ ಹೆಂಗಸರು ಒಂದೋ ಸಾಯುತ್ತಾರೆ, ಇಲ್ಲ ಅನುಮಾನಕ್ಕೆ ಸಿಗುತ್ತಾರೆ. ಅವನ ದುಃಖಕ್ಕೋಸ್ಕರವೇ ಅವರನ್ನು ಬರೆದ ಹಾಗೆ ಎಷ್ಟೋ ಸಲ ಅನ್ನಿಸುತ್ತದೆ. ಅದಕ್ಕೇ 1991ರ ಪ್ರೈಮ್ ಸಸ್ಪೆಕ್ಟ್ ಅನ್ನುವ ಧಾರಾವಾಹಿಯನ್ನೂ ಜೊತೆಗೇ ನೋಡಬೇಕು. ಬರೆದವರು ಲಿಂಡಾ ಲಾ ಪ್ಲಾಂಟ್, ಪೊಲೀಸ್ ಅಧಿಕಾರಿ ಜೇನ್ ಟೆನಿಸನ್ ಪಾತ್ರದಲ್ಲಿ ಹೆಲೆನ್ ಮಿರನ್. ಒಬ್ಬ ಅಧಿಕಾರಿ ಕೊಲೆ ಕೇಸ್ ಇನ್ನೇನು ಮುಗಿಸಿದೆ ಅನ್ನುವಾಗ ಹೃದಯಾಘಾತದಿಂದ ಸಾಯುತ್ತಾನೆ. ಟೆನಿಸನ್ ಹಟ ಹಿಡಿದು ಕೇಸ್ ತಗೊಳ್ಳುತ್ತಾಳೆ. ಬಂದವಳಿಗೆ ಮೊದಲು ಕಾಣುವುದು ಏನು? ಸತ್ತ ಹುಡುಗಿ ಯಾರು ಅನ್ನುವುದೇ ತಪ್ಪಾಗಿದೆ! ಗಂಡಸರ ತಂಡ ಇದನ್ನು ಒಪ್ಪಿಕೊಳ್ಳಲು ತಯಾರಿಲ್ಲ, ಯಾಕಂದರೆ ಒಪ್ಪಿದರೆ ಸತ್ತ ಗೆಳೆಯನ ಹೆಸರು ಹಾಳಾಗುತ್ತದೆ, ಮತ್ತೆ ಹೇಳುತ್ತಿರುವವಳು ಹೆಂಗಸು. ಕೊಲೆಗಾರನನ್ನು ಹಿಡಿಯುವುದಕ್ಕಿಂತ ಈ ತಪ್ಪನ್ನು ತಪ್ಪು ಅಂತ ಹೇಳಿಸುವುದೇ ಅವಳಿಗೆ ಕಷ್ಟದ ಕೆಲಸ. ಸ್ಟೇಷನ್ನಿನ ಆ ಮುಖಗಳು, ಆ ಬೇಕಂತಲೇ ತಡ ಮಾಡುವ ಕೆಲಸ, ಇವತ್ತು ಆಫೀಸುಗಳಲ್ಲಿ ದುಡಿಯುವ ಎಷ್ಟೋ ಹೆಣ್ಣುಮಕ್ಕಳಿಗೆ ಪರಿಚಯದ್ದೇ.

ಹೊಸಬರು ಪ್ರೈಮ್ ಸಸ್ಪೆಕ್ಟ್‌ನ ಮೊದಲ ಕಥೆಯಿಂದ ಶುರುಮಾಡಿ, ಎರಡೇ ಭಾಗ, ಬಿಗಿಯಾಗಿದೆ. ಆಮೇಲೆ ಮೋರ್ಸ್‌ನ ಜೆರಿಕೊ ಕಂತು. ಸಬ್‌ಟೈಟಲ್ ಹಾಕಿಕೊಳ್ಳಿ, ಲೂಯಿಸ್‌ನ ಮಾತಿನ ರೀತಿ ಬೇಗ ಕಿವಿಗೆ ಹತ್ತುವುದಿಲ್ಲ. ದಯವಿಟ್ಟು ಒಂದೂವರೆ ಸ್ಪೀಡಿನಲ್ಲಿ ಓಡಿಸಬೇಡಿ. ಮತ್ತೆ 2000ದ ಕೊನೆಯ ಕಂತನ್ನು ಕೊನೆಗೇ ಇಟ್ಟುಕೊಳ್ಳಿ, ಹಿಂದಿನ ಕಂತುಗಳಲ್ಲಿ ಲೂಯಿಸ್ ಎಷ್ಟು ಗದರಿಸಿಕೊಂಡಿದ್ದಾನೆ ಅಂತ ಗೊತ್ತಿದ್ದವರಿಗಷ್ಟೇ ಅದು ಪೂರ್ತಿ ತಟ್ಟುತ್ತದೆ.