ತಟ್ಟೆಯಲ್ಲಿ ಬೆಳೆದದ್ದು ಏನೆಂದು ಗೊತ್ತಿಲ್ಲದಾಗ

ಹವ್ಯಾಸಕ್ಕೆ ಮನೆಯಲ್ಲೋ ಸಣ್ಣ ಲ್ಯಾಬಿನಲ್ಲೋ ಸೂಕ್ಷ್ಮಜೀವಿಗಳನ್ನು ಬೆಳೆಸುವ ಗೆಳೆಯರೇ,

ಜೀವಸುರಕ್ಷತೆಯ, ಅಂದರೆ ಸೂಕ್ಷ್ಮಜೀವಿಗಳ ಜೊತೆ ಕೆಲಸ ಮಾಡುವಾಗ ಬೇಕಾದ ಎಚ್ಚರಿಕೆಯ, ಮಟ್ಟಗಳು ನಾಲ್ಕು; ನಾಲ್ಕನೆಯದು ಅತಿ ಕಟ್ಟುನಿಟ್ಟಿನದು. ಯಾವ ಜೀವಿಯ ಜೊತೆ ಏನು ಕೆಲಸ ಮಾಡುತ್ತೀರಿ ಎಂಬುದರ ಮೇಲೆ ಮಟ್ಟ ನಿರ್ಧಾರವಾಗುತ್ತದೆ. ಬ್ರೆಡ್ಡಿನ ಯೀಸ್ಟ್, ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾದ ಕೆ-12 ತಳಿ ಒಂದನೆಯ ಮಟ್ಟದವು: ಆರೋಗ್ಯವಂತರಿಗೆ ಕಾಯಿಲೆ ತರುವುದಿಲ್ಲವೆಂದು ಚೆನ್ನಾಗಿ ತಿಳಿದಿರುವಂಥವು. ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಸಾಲ್ಮೊನೆಲ್ಲಾ ಎರಡನೆಯದು. ಎಬೋಲಾ ನಾಲ್ಕನೆಯದು. 2010ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಶುರುವಾದ ಜೆನ್‌ಸ್ಪೇಸ್ ಎಂಬ ಸಾರ್ವಜನಿಕ ಲ್ಯಾಬ್ ಒಂದನೆಯ ಮಟ್ಟವನ್ನೇ ಆರಿಸಿಕೊಂಡಿತು. ಹವ್ಯಾಸಿಗಳಿಗೆ ಅದೇ ಸರಿಯಾದ ಜಾಗ.

ಆದರೆ ನಾವೆಲ್ಲ ಮೊದಲು ಮಾಡುವ ಪ್ರಯೋಗ ಯಾವುದು? ಮೊಬೈಲ್, ಬಾಗಿಲ ಹಿಡಿ, ಚರಂಡಿ ನೀರು, ಎಲ್ಲದಕ್ಕೂ ಹತ್ತಿ ಸವರಿ ಅಗರ್ ತಟ್ಟೆಗೆ, ಅಂದರೆ ಸೂಕ್ಷ್ಮಜೀವಿಗಳು ಬೆಳೆಯಲು ಜೆಲ್ಲಿಯಂಥ ಆಹಾರ ತುಂಬಿದ ತಟ್ಟೆಗೆ, ಹಚ್ಚುವುದು. ನನಗೆ ಹೆಚ್ಚು ಆತಂಕ ಇದರದ್ದೇ. ಮೊಬೈಲಿನ ಮೇಲೆ ಬೆರಳೆಣಿಕೆಯಷ್ಟಿದ್ದ ಯಾವುದೋ ಜೀವಿ ತಟ್ಟೆಯಲ್ಲಿ ಕೋಟಿಗಟ್ಟಲೆ ಆಗುತ್ತದೆ. ಅದರ ಹೆಸರೇ ಗೊತ್ತಿಲ್ಲದ ಮೇಲೆ ಅದು ಒಂದನೆಯ ಮಟ್ಟದ್ದೆಂದು ಹೇಗೆ ಹೇಳುವುದು? ಅಂಥ ತಟ್ಟೆಯನ್ನು ಟೇಪ್ ಸುತ್ತಿ ಮುಚ್ಚಿ, ಮುಚ್ಚಿದಂತೆಯೇ ನೋಡಿ, ತೆರೆಯದೆ ನಾಶ ಮಾಡಬೇಕು. ದೇಹದ ಶಾಖವಾದ 37 ಡಿಗ್ರಿಯಲ್ಲಿ ಬೆಳೆಸಲೇಬಾರದು, ನಮ್ಮೊಳಗೆ ಬದುಕಬಲ್ಲವುಗಳಿಗೆ ಅದೇ ಹಿತ. 25 ಡಿಗ್ರಿಯ ಆಸುಪಾಸು ಸಾಕು.

ಅಮೆರಿಕದಲ್ಲಿ 2010-11ರಲ್ಲಿ ನಡೆದದ್ದನ್ನು ಹೇಳುತ್ತೇನೆ. ಸೂಕ್ಷ್ಮಜೀವಿಶಾಸ್ತ್ರದ ಲ್ಯಾಬುಗಳಿಗೆ ನಂಟಿದ್ದ ಸಾಲ್ಮೊನೆಲ್ಲಾ ಸೋಂಕು 38 ರಾಜ್ಯಗಳಲ್ಲಿ 109 ಜನರಿಗೆ ತಗುಲಿತು, ಒಬ್ಬರು ತೀರಿಕೊಂಡರು. ರೋಗಿಗಳಲ್ಲಿ ಲ್ಯಾಬಿನ ಬಾಗಿಲನ್ನೇ ಕಾಣದ ಪುಟ್ಟ ಮಕ್ಕಳೂ ಇದ್ದರು. ಲ್ಯಾಬಿನಲ್ಲಿ ಕೆಲಸ ಮಾಡಿದ ದೊಡ್ಡವರು ಅದನ್ನು ಮನೆಗೆ ಹೊತ್ತು ತಂದಿರಬೇಕು. ಪೆನ್ನು, ನೋಟ್‌ಬುಕ್, ಚೀಲ, ಕೋಟು, ಮೊಬೈಲ್, ಇವೇ ಅದರ ವಾಹನ ಆಗಿರಬಹುದು. ತನಿಖೆಯ ನಂತರ ಬಂದ ಸಲಹೆಗಳೂ ಇವುಗಳ ಬಗ್ಗೆಯೇ.

ಹಾಗಾಗಿ ಲ್ಯಾಬಿನ ಪೆನ್ನು ಲ್ಯಾಬಿನಲ್ಲೇ ಇರಲಿ. ಟೀ ಲೋಟ ಹೊರಗಿರಲಿ, ಲ್ಯಾಬಿನ ಫ್ರಿಜ್‌ನಲ್ಲಿ ಊಟದ ಡಬ್ಬಿ ಬೇಡ. ಹೊರಡುವ ಮುನ್ನ ಸೋಪಿನಲ್ಲಿ ಕೈ ತೊಳೆಯಿರಿ. ಮೇಜು ಒರೆಸಲು 70 ಶೇಕಡಾ ಆಲ್ಕೋಹಾಲ್ ಬಳಸಿ. ಶುದ್ಧ ಆಲ್ಕೋಹಾಲಿಗಿಂತ ಅದೇ ಚೆನ್ನಾಗಿ ಕೊಲ್ಲುತ್ತದೆ, ನೀರಿನಂಶ ಬೇಕು. ಅದು ಆರುವವರೆಗೆ ಬರ್ನರ್ ಹಚ್ಚಬೇಡಿ.

ಜೀನ್ ಬದಲಿಸುವ ಕೆಲಸಕ್ಕೆ ನಮ್ಮಲ್ಲಿ 1989ರ ನಿಯಮಗಳಿವೆ. ಅದನ್ನು ಮನೆಯ ಮೂಲೆಯಲ್ಲಿ ಮಾಡಬೇಡಿ, ಜೀವಸುರಕ್ಷತಾ ಸಮಿತಿ ಇರುವ ಸಂಸ್ಥೆಯ ಜೊತೆಗೂಡಿ ಮಾಡಿ.

ಇನ್ನು ಬಳಸಿದ ತಟ್ಟೆಗಳು. ಶಾಖ ತಡೆಯುವ ಚೀಲದಲ್ಲಿ ಸಡಿಲವಾಗಿ ಕಟ್ಟಿ, 15 ಪೌಂಡ್ ಒತ್ತಡದ ಪ್ರೆಷರ್ ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿ. ಅಲ್ಲಿ ಸುಮಾರು 121 ಡಿಗ್ರಿ ಸಿಗುತ್ತದೆ. ಬ್ಲೀಚ್ ಸುರಿದ ತಟ್ಟೆಯನ್ನು ಕುಕ್ಕರಿಗೆ ಹಾಕಬೇಡಿ, ವಿಷಾನಿಲ ಬರುತ್ತದೆ. ಆ ಕುಕ್ಕರಿನ ಮೇಲೆ ಪೇಂಟಿನಲ್ಲಿ ‘ಲ್ಯಾಬ್’ ಎಂದು ದೊಡ್ಡದಾಗಿ ಬರೆಯಿರಿ. ಅದು ಮತ್ತೆ ಅಡುಗೆಮನೆಗೆ ಹೋಗುವಂತಿಲ್ಲ.